ಸಂಬಳ ಎಷ್ಟು ಬಾಕ್ಸು?

ಎರಡರಷ್ಟು ಸಂಬಳ ಕೊಡ್ತೀವಿ ಅಂತ ಬೆಂಗಳೂರಿನಿಂದ ಕರೆ ಬಂದಾಗ ನಾನು ಕೋಲಾರದಲ್ಲಿ ಹಾಲಿನ ಡೇರಿಗೆ ಲೆಕ್ಕದ ಪ್ರೋಗ್ರಾಂ ಬರೆಯುತ್ತಿದ್ದೆ. ಫ್ಯಾಟು ತಪ್ಪು ತೋರಿಸಿದರೆ ಅಜ್ಜಿಯೊಬ್ಬರು ಕ್ಯಾನು ಹಿಡಿದೇ ಬಂದು ಬೈಯುತ್ತಾರೆ. ಸರಿಹೋದರೆ ಒಂದು ಲೋಟ ಮಜ್ಜಿಗೆ. ಇಂಥ ಬಗ್ ರಿಪೋರ್ಟು ಬೇರೆಲ್ಲಿ ಸಿಕ್ಕೀತು?

ಶ್ರೀನಿವಾಸಪುರದ ಮಾವನವರಿಗೆ ಈ ಕೆಲಸ ರುಚಿಸದು. 2023ರ ಜುಲೈನಲ್ಲಿ ಕೋಲಾರದ ಮಂಡಿಯಲ್ಲಿ 15 ಕಿಲೋ ಟೊಮೆಟೊ ಬಾಕ್ಸು ಎರಡು ಸಾವಿರ ದಾಟಿತ್ತಲ್ಲ, ಅವತ್ತಿನಿಂದ ಎಲ್ಲವನ್ನೂ ಬಾಕ್ಸಿನಲ್ಲೇ ಅಳೆಯುತ್ತಾರೆ. "ಅಳಿಯಂದ್ರೇ, ನಿಮ್ಮ ಸಂಬಳ ಹನ್ನೊಂದು ಬಾಕ್ಸು ಅಷ್ಟೇ!" ರೇಟು ಬಿದ್ದಾಗ ಅದೇ ಸಂಬಳ ನೂರು ಬಾಕ್ಸು ದಾಟುತ್ತದೆ. ಆಗ ಮಾತ್ರ ಅವರು ಲೆಕ್ಕ ಹಾಕುವುದಿಲ್ಲ.

"ನಮ್ಮ ಮುಳಬಾಗಿಲಿನ ಡಿವಿಜಿ 1970ರಲ್ಲಿ ಸನ್ಮಾನದಲ್ಲಿ ಬಂದ ಹಣವನ್ನೇ ಗೋಖಲೆ ಸಂಸ್ಥೆಗೆ ಕೊಟ್ಟುಬಿಟ್ಟರು" ಅಂತ ಬಾಣ ಬಿಟ್ಟೆ.

"ಬಂದಿತ್ತು, ಕೊಟ್ಟರು. ನಿಮಗೆ ಮೊದಲು ಬರಲಿ."

ಸರಿ, ಇಂಟರ್‌ವ್ಯೂಗೆಂದು ಮಾಲೂರಿನಲ್ಲಿ ಬೆಳಗಿನ ರೈಲು ಹತ್ತಿದೆ. ನನ್ನ ಒಂದು ಕಾಲು ನೆಲದ ಮೇಲೆ, ಇನ್ನೊಂದು ಯಾರದೋ ಚಪ್ಪಲಿಯ ಮೇಲೆ. ಅಷ್ಟರಲ್ಲಿ ಫೋನು: "ಫ್ಯಾಟು ಸೊನ್ನೆ ತೋರಿಸ್ತದೆ ಕಣಪ್ಪಾ, ಎಲ್ಲಿದ್ದೀಯ?"

ವೈಟ್‌ಫೀಲ್ಡಿನಲ್ಲಿ ಇಳಿದೆ. ವಾಪಸ್ ರೈಲು ಎಷ್ಟು ಗಂಟೆಗೆ ಅಂತ ಕೇಳಿದೆ.