ದುಡಿಯಾಕ ಬರ್ರಿ, ಇರಾಕ ಬ್ಯಾಡ

ನಮ್ಮ ಹುಕ್ಕೇರಿ ಸೀಮೆಯಲ್ಲಿ ಈಗ ಕಬ್ಬಿಗಿಂತ ಚೆನ್ನಾಗಿ ಬೆಳೆಯುವುದು ಪ್ಲಾಟು. ನೀರು ಬೇಡ, ಗೊಬ್ಬರ ಬೇಡ, ಕಾರ್ಖಾನೆಯ ಬಿಲ್ಲಿಗಾಗಿ ಕಾಯುವುದೂ ಬೇಡ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮು ಹಿಡಿದು ಹೊಲವನ್ನು ಎನ್‌ಎ ಮಾಡಿಸಿ, ಕಲ್ಲು ನೆಟ್ಟು, ಎದುರಿಗೊಂದು ಕಮಾನು ನಿಲ್ಲಿಸಿ, ಅದರ ಮೇಲೆ ಯಾರಾದರೂ ಮಹಾತ್ಮರ ಹೆಸರು ಬರೆಸಿದರೆ ‘ನಗರ’ ತಯಾರು. ಅದರೊಳಗೆ ಮನುಷ್ಯರು ಇರಬೇಕೆಂಬ ಹಟ ಯಾರಿಗೂ ಇಲ್ಲ. ಖಾಲಿ ಪ್ಲಾಟುಗಳಲ್ಲಿ ಕಾಂಗ್ರೆಸ್ ಕಸ ಎದೆಯುದ್ದ ಬೆಳೆದಿದೆ. ಅದು ಯಾವ ಜಾತಿ, ಎಲ್ಲಿಂದ ಬಂತು, ರಾತ್ರಿ ಎಷ್ಟಕ್ಕೆ ಮಲಗುತ್ತದೆ ಎಂದು ಕೇಳಿದವರಿಲ್ಲ.

ತಕರಾರು ಹುಟ್ಟುವುದು, ಅಂಥ ನಗರದಲ್ಲಿ ಯಾರಾದರೂ ‘ಹನ್ನೆರಡು ಖೋಲಿ ಕಟ್ಟಿ ಬಾಡಿಗಿ ಕೊಡಾಂವ ಅದೀನಿ’ ಅಂದಾಗ. ಅದೇ ಸಂಜೆ ಗುಡಿಯ ಕಟ್ಟೆಯ ಮೇಲೆ ಸಭೆ.

ಮೊದಲು ಮಾತಾಡುವವರು ನಿವೃತ್ತ ಹೆಡ್‌ಮಾಸ್ತರರು. ನೌಕರಿಯುದ್ದಕ್ಕೂ ರಾಯಬಾಗ, ಅಥಣಿ, ಖಾನಾಪುರ ಎಂದು ವರ್ಗವಾಗುತ್ತ, ಹೋದಲ್ಲೆಲ್ಲ ಯಾರದೋ ಹಿತ್ತಲಿನ ಎರಡು ಖೋಲಿಯಲ್ಲಿ ಸಂಸಾರ ಹೂಡಿದವರು. ‘ಬಾಡಿಗಿ ಮಂದಿ ಬಂದ್ರ ಏರಿಯಾ ಕೆಡ್ತೈತಿ’ ಎನ್ನುತ್ತಾರೆ. ಅನುಭವಸ್ಥರ ಮಾತು, ಅಲ್ಲಗಳೆಯುವುದು ಹೇಗೆ? ಆಮೇಲೆ ಏಳುವವರು ನಾಲ್ಕು ಪ್ಲಾಟು ಹಿಡಿದು ಒಂದರಲ್ಲೂ ಮನೆ ಕಟ್ಟದವರು. ಗಡಿಕಲ್ಲು ಸರಿದಿದೆಯೋ ಎಂದು ನೋಡಲಷ್ಟೇ ಬರುವ ಇವರಿಗೆ ‘ನಮ್ಮ ನೆಮ್ಮದಿ ಹಾಳಾಗ್ತೈತಿ’ ಎಂಬ ಚಿಂತೆ.

ಮೂರನೆಯವರು ದನಿ ತಗ್ಗಿಸಿ ನಿಜ ಹೇಳುತ್ತಾರೆ: ‘ಯಾವ ಮಂದಿ ಬರ್ತಾರೋ ಏನೋ.’ ಕಮಾನಿನ ಮೇಲೆ ಬಸವೇಶ್ವರ ನಗರ ಎಂದಿದ್ದರೂ ಈ ಮಾತಿಗೆ ಅಡ್ಡಿಯಿಲ್ಲ. ಬಸವಣ್ಣ ಹುಟ್ಟಿದ್ದು ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿಯಲ್ಲಿ, ನಮ್ಮದು ಬೆಲ್ಲದ ಬಾಗೇವಾಡಿ. ಆತ ಕೇಳಬೇಡಿ ಎಂದ ಪ್ರಶ್ನೆಗೆ ಇಲ್ಲಿ ನಿಷೇಧ ಲಾಗೂ ಇಲ್ಲವೆಂದು ಸಭೆ ಭಾವಿಸಿದಂತಿದೆ.

ಸಭೆ ಮುಗಿದ ಮೇಲೆ ಮಾಸ್ತರರು ಬೆಂಗಳೂರಿನ ಮಗನಿಗೆ ಫೋನು ಹಚ್ಚುತ್ತಾರೆ. ಆತ ಇರುವುದು ಪಿಜಿಯಲ್ಲಿ. ತಲೆಗೆ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು ಕೊಡಿ ಎಂದು 2024ರಲ್ಲಿ ಬಿಬಿಎಂಪಿ ನಿಯಮ ಮಾಡಿತು. ಮನುಷ್ಯನಿಗೆ ಎಷ್ಟು ಜಾಗ ಬೇಕೆಂದು ಮಾಲೀಕರಿಗೆ ಆದೇಶದ ಮೂಲಕ ತಿಳಿಸಬೇಕಾಯಿತು. ಅಲ್ಲಿಯ ಬಡಾವಣೆಯ ಹಿರಿಯರೂ ಸಭೆ ಸೇರಿ ‘ಪಿಜಿ ಹುಡುಗರಿಂದ ಏರಿಯಾ ಕೆಟ್ಟಿತು’ ಎನ್ನುತ್ತಾರೆ. ಅವರ ಪಾಲಿಗೆ ‘ಯಾವ ಮಂದಿನೋ’ ಎಂದರೆ ನಮ್ಮ ಮಾಸ್ತರರ ಮಗ.

ಊರಲ್ಲಿ ಸಕ್ಕರೆ ಕಾರ್ಖಾನೆ ಇದೆ. ಹಂಗಾಮು ಶುರುವಾದರೆ ಬೀಡ್ ಕಡೆಯಿಂದ ಕಬ್ಬು ಕಡಿಯುವ ಟೋಳಿಗಳು ಹೆಂಡತಿ, ಮಕ್ಕಳು, ಎತ್ತು, ಗಾಡಿ ಸಮೇತ ಈ ಸೀಮೆಗೆ ಇಳಿಯುತ್ತವೆ. ಅವರಿಲ್ಲದೆ ಗಾಣ ತಿರುಗದು. ಆದರೆ ಅವರು ಮಲಗುವುದು ಹೊಲದಂಚಿನ ತಾಡಪತ್ರಿ ಜೋಪಡಿಯಲ್ಲಿ. ಕಾರ್ಖಾನೆಯ ಫಿಟ್ಟರ್, ದವಾಖಾನೆಯ ನರ್ಸಮ್ಮ, ಬ್ಯಾಂಕಿಗೆ ಹೊಸದಾಗಿ ಬಂದ ಹುಡುಗಿ, ಎಲ್ಲರೂ ಹಗಲು ನಮಗೆ ಬೇಕು. ಸಂಜೆ ಆರಾದ ಮೇಲೆ ಅವರು ಆವಿಯಾಗಿ, ಬೆಳಿಗ್ಗೆ ಮತ್ತೆ ಮನುಷ್ಯರಾಗಿ ಡ್ಯೂಟಿಗೆ ಬರಬೇಕು. ಪಕ್ಕದ ಗೋಕಾಕ ಫಾಲ್ಸಿನಲ್ಲಿ 1885ರಲ್ಲಿ ಕಂಪನಿ ಕಟ್ಟಿದ ಗಿರಣಿಯವರು ಕಾರ್ಮಿಕರಿಗೆ ವಸತಿಯನ್ನೂ ಕಟ್ಟಿದರು. ಅವರೇನು ಧರ್ಮಾತ್ಮರಲ್ಲ, ಲೆಕ್ಕ ಗೊತ್ತಿದ್ದ ವ್ಯಾಪಾರಿಗಳು: ಮಲಗಲು ಜಾಗ ಇಲ್ಲದವನು ಬೆಳಗಿನ ಪಾಳಿಗೆ ಬರುವುದಿಲ್ಲ.

ಬಾಡಿಗೆಯವರಲ್ಲೂ ನಮಗೆ ಪ್ರಿಯರಾದವರು ಇದ್ದಾರೆ. 2012ರಲ್ಲಿ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾಯಿತು. ಚಳಿಗಾಲದ ಅಧಿವೇಶನಕ್ಕೆ ಶಾಸಕರು ಬಂದು ಹೋಟೆಲು ಖೋಲಿಗಳಲ್ಲಿ ಇಳಿಯುತ್ತಾರೆ, ಬಾಡಿಗೆ ಸರ್ಕಾರದ್ದು. ಅವರನ್ನು ‘ಫ್ಯಾಮಿಲಿನೋ ಬ್ಯಾಚುಲರೋ’ ಎಂದು ಕೇಳುವವರಿಲ್ಲ, ಗದ್ದಲ ಮಾಡಿದರೂ ಖೋಲಿ ಬಿಡಿಸುವುದಿಲ್ಲ. ‘ನಮಗಿಲ್ಲಿ ಇರಲು ಜಾಗ ಇಲ್ಲ, ಶಾಸಕರ ಭವನ ಕಟ್ಟಿ’ ಎಂಬ ಮಾತು ಆಗಾಗ ಕೇಳಿಬರುತ್ತದೆ. ವರ್ಷಕ್ಕೊಮ್ಮೆ ಬರುವವರಿಗೇ ಇಷ್ಟು ಸಂಕಟವಾದರೆ, ವರ್ಷವಿಡೀ ದುಡಿಯುವವರ ಪಾಡು ಅವರಿಗಾದರೂ ಅರ್ಥವಾಗಬೇಕಿತ್ತು.

ಕಾಯ್ದೆಗಳಿಗೇನೂ ಬರವಿಲ್ಲ. ಎರಡು ತಿಂಗಳ ಡಿಪಾಜಿಟ್ ಸಾಕೆಂದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಹೇಳಿದರೆ, ಬೆಂಗಳೂರಿನ ಮಾಲೀಕ ಹತ್ತು ತಿಂಗಳದ್ದಕ್ಕೆ ಕೈ ಚಾಚುತ್ತಾನೆ. ವರ್ಷ ದಾಟಿದ ಕರಾರು ನೋಂದಣಿ ಆಗಬೇಕೆಂದು 1908ರ ಕಾಯ್ದೆ ಇರುವುದಕ್ಕೆ, ಬಾಡಿಗೆದಾರನ ಬದುಕಿಗೆ ಹನ್ನೊಂದೇ ತಿಂಗಳು. ಇತ್ತ 2011ರ ಜನಗಣತಿ ದೇಶದ ಪಟ್ಟಣಗಳಲ್ಲಿ ಲೆಕ್ಕ ಹಾಕಿದ ಖಾಲಿ ಮನೆಗಳು ಸುಮಾರು 1.11 ಕೋಟಿ. ಬೀಗಕ್ಕೆ ಮನೆ ಕೊಟ್ಟೇವು, ಮನುಷ್ಯನಿಗೆ ಕೊಡೆವು.

ಹುಕ್ಕೇರಿ ತಾಲೂಕು ದಡ್ಡರದ್ದಲ್ಲ. ಕರೆಂಟು ಹಂಚಲು 1969ರಲ್ಲೇ ತನ್ನದೇ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಕಟ್ಟಿಕೊಂಡು ರಾಜ್ಯಕ್ಕೇ ಬೇರೆ ದಾರಿ ತೋರಿಸಿದ ತಾಲೂಕು. ಮನೆಮನೆಗೆ ದೀಪ ಕೊಡಲು ಒಗ್ಗಟ್ಟಾದವರು ದೀಪ ಹಚ್ಚಲು ಮನೆ ಕೊಡಲು ಒಗ್ಗಟ್ಟಾಗಲಾರರೇ? ಖೋಲಿ ಕಟ್ಟುವವನಿಗೆ ನೀರು, ಗಟಾರು, ಪಾರ್ಕಿಂಗಿನ ಷರತ್ತು ಹಾಕಿ, ಬಿಗಿಯಾಗಿಯೇ ಹಾಕಿ. ಇರುವವರ ಜಾತಿಗೆ ಷರತ್ತು ಬೇಡ.

ಮುಂದಿನ ಸಭೆಯಲ್ಲಿ ಒಂದೇ ಠರಾವು ಪಾಸಾಗಲಿ: ತಾನಾಗಲಿ, ಅಪ್ಪನಾಗಲಿ, ಮಕ್ಕಳಾಗಲಿ ಒಂದು ದಿನವೂ ಬಾಡಿಗೆ ಮನೆಯಲ್ಲಿ ಇರದವರು ಮಾತ್ರ ವಿರೋಧಕ್ಕೆ ಕೈ ಎತ್ತಬೇಕು. ಕೋರಂ ಆಗುವುದಿಲ್ಲ.