ಪಿಕಪ್ಪು ಬೇಕಾದರೆ ಮೊದಲು ಗಾಳಿ ಸೋರೋದು ನಿಲ್ಸು

ಪಕ್ಕದ ಮನೆಯ ಹುಡುಗ ಒಂದು ಹಳೇ ಟೂ ಸ್ಟ್ರೋಕ್ ಬೈಕು ಆರ್‌ಎಕ್ಸ್ 100 ತಂದಿದ್ದಾನೆ. ಇಂಜಿನ್ ಬಿಚ್ಚಿ ಗೋಣಿಚೀಲದ ಮೇಲೆ ಹರಡಿಕೊಂಡು ಕೂತಿದ್ದಾನೆ. ಅಮೆರಿಕದ ಮರಳುಗುಡ್ಡಗಳ ಮೇಲೆ ನಾಲ್ಕು ಚಕ್ರದ ಎಟಿವಿ ಎಗರಿಸುವುದನ್ನು ಮೊಬೈಲಿನಲ್ಲಿ ನೋಡಿದಾಗಿನಿಂದ ಅವನಿಗೆ ಅದೇ ಗುಂಗು.

"ಮಾವ, ಪೋರ್ಟ್ ಕೊರ್ಸಿ ಚೇಂಬರ್ ಸೈಲೆನ್ಸರ್ ಹಾಕ್ಸುದ್ರೆ ಹಂಗೇ ಎಗರ್ತದಂತೆ, ದಿಟವಾ?"

"ದಿಟವೇ ಕಣಪ್ಪ. ಆದ್ರೆ ಎಷ್ಟು ದಿನ ಅಂತ ಕೇಳ್ದಾ?" ಅಂದೆ ಬೇಲಿಯ ಈ ಕಡೆಯಿಂದ.

ಅವನು ನೋಡಿದ್ದು ಯಮಹಾ ಬನ್ಶೀ. 1987ರಲ್ಲಿ ಬಂದ ಗಾಡಿ. ಜೋಡಿ ಸಿಲಿಂಡರು, 347 ಸಿಸಿ, ಬೋರು 64 ಮಿಲಿಮೀಟರು, ಸ್ಟ್ರೋಕು 54. ನಮ್ಮಲ್ಲಿ ಓಡುತ್ತಿದ್ದ ರಾಜ್‌ದೂತ್ 350ರ ಅಳತೆಯೂ ಅದೇ. ಎರಡೂ ಒಂದೇ ಬಳ್ಳಿಯ ಕಾಯಿ. ವ್ಯತ್ಯಾಸ ಇರುವುದು ತಣಿಸುವುದರಲ್ಲಿ: ಬನ್ಶೀಗೆ ನೀರು, ರಾಜ್‌ದೂತಿಗೆ ಬರೀ ಗಾಳಿ. ಈ ಹುಡುಗನ ಆರ್‌ಎಕ್ಸ್ 100 ಕೂಡ ಗಾಳಿಯಲ್ಲೇ ತಣಿಯಬೇಕು. ಬೋರು 50, ಸ್ಟ್ರೋಕು 50, 98 ಸಿಸಿ, ಕಂಪನಿಯಿಂದಲೇ 11 ಅಶ್ವಶಕ್ತಿ. ಅಷ್ಟು ಸಣ್ಣ ಸಿಲಿಂಡರಿನಿಂದ ಅಷ್ಟು ತೆಗೆದಿರುವಾಗ ಇನ್ನೂ ಹಿಂಡಿದರೆ ಮೊದಲು ಹೊರಬರುವುದು ಬಿಸಿ.

ಇನ್ನೊಂದು ಮಾತನ್ನೂ ಕೇಳಿದೆ. ಆ ವೇಗವನ್ನು ಎಲ್ಲಿ ತೋರಿಸುತ್ತೀಯ? ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕು ಹತ್ತುವಂತಿಲ್ಲ. ಶ್ರೀರಂಗಪಟ್ಟಣದಿಂದ ಪಾಂಡವಪುರಕ್ಕೆ ಹೋದರೆ ಕಬ್ಬಿನ ಗಾಡಿ, ನಾಲೆ ಏರಿ, ಹೆಜ್ಜೆಗೊಂದು ಹಂಪು. ಕೆ.ಆರ್. ಪೇಟೆ ಕಡೆ ಹೊಲದ ದಾರಿಗೆ ಇಳಿದರೆ ಮೊಣಕಾಲುದ್ದ ಧೂಳು. ನಾಗಮಂಗಲದ ಕಡೆ ಏರು-ತಗ್ಗು. ಇಲ್ಲಿ ಬೇಕಾಗಿರುವುದು ಕೆಳಗಿನ ಎಳೆತ, ಹೊರೆ ಹಾಕಿಕೊಂಡು ದಿಬ್ಬ ಹತ್ತುವ ತಾಕತ್ತು. ಹೊಗೆ ಹೊರಹೋಗುವ ಎಕ್ಸಾಸ್ಟ್ ಪೋರ್ಟಿನ ಮೇಲಂಚನ್ನು ಉಜ್ಜಿ ಎತ್ತರಿಸಿದರೆ ಆ ಬಾಗಿಲು ಬೇಗ ತೆರೆಯುತ್ತದೆ, ಶಕ್ತಿಯೆಲ್ಲ ಮೇಲಿನ ಆರ್‌ಪಿಎಂಗೆ ಹೋಗುತ್ತದೆ, ಕೆಳಗೆ ಇಂಜಿನ್ ಸಪ್ಪೆ. ಉಜ್ಜಿದ ಕಬ್ಬಿಣವನ್ನು ಮತ್ತೆ ಅಂಟಿಸಲಾಗುವುದಿಲ್ಲ.

ನಮ್ಮ ಮಂಡ್ಯ ಸೀಮೆಯ ನಿಜವಾದ ಎಟಿವಿ ಯಾವುದು ಅಂದರೆ ನಾನು ಟಿವಿಎಸ್ ಎಕ್ಸೆಲ್ ಅಂತಲೇ ಹೇಳುತ್ತೇನೆ. ಹಾಲಿನ ಕ್ಯಾನು, ಗೊಬ್ಬರದ ಮೂಟೆ, ಹಸಿ ಹುಲ್ಲಿನ ಹೊರೆ, ಅದರ ಮೇಲೆ ಒಬ್ಬ ಮೊಮ್ಮಗ. ಎಪ್ಪತ್ತು ಸಿಸಿ ಕೂಡ ತುಂಬದ ಟೂ ಸ್ಟ್ರೋಕ್ ಇಂಜಿನ್ನು ಇಷ್ಟನ್ನೂ ಗದ್ದೆ ಬದುವಿನಿಂದ ಡೈರಿವರೆಗೆ ಎಳೆದಿದೆ. 2015ರಲ್ಲಿ ಫೋರ್ ಸ್ಟ್ರೋಕಿನ ಎಕ್ಸೆಲ್ 100 ಬಂತು, ಹೊಗೆಯ ಕಾನೂನು ಬಿಗಿಯಾಯಿತು, ಹಳೆಯದು ನಿಂತುಹೋಯಿತು. ನಿಲ್ಲಬೇಕಾದದ್ದೇ. ಟೂ ಸ್ಟ್ರೋಕಿನಲ್ಲಿ ಹೊಸ ಪೆಟ್ರೋಲಿನ ಒಂದು ಪಾಲು ಉರಿಯದೆಯೇ ಸೈಲೆನ್ಸರಿಗೆ ಜಾರಿಹೋಗುತ್ತದೆ. ಆದರೂ ಊರೂರಲ್ಲಿ ಉಳಿದಿರುವ ಗಾಡಿಗಳಿವೆ, ಔಷಧಿ ಹೊಡೆಯುವ ಮೆಷಿನ್ನುಗಳಿವೆ, ಕಳೆ ಕೊಚ್ಚುವ ಮೆಷಿನ್ನುಗಳಿವೆ. ಅವುಗಳಲ್ಲಿ ಬಹಳಷ್ಟು ಇದೇ ಜಾತಿಯ ಇಂಜಿನ್ನುಗಳು. ಓಡುವಷ್ಟು ದಿನ ಸರಿಯಾಗಿ ಓಡಲಿ.

ಎಳೆತದ ಮಾತು ಬಂದರೆ ಮೈಸೂರಿನ ಜಾವಾ, ಯಜ್ಡಿ ನೆನಪಾಗದೆ ಇರುವುದಿಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ತಯಾರಿಸಲು ಶುರುಮಾಡಿ 1996ರಲ್ಲಿ ಬಾಗಿಲು ಹಾಕಿತು. ಅದರ 250ರ ಬೋರು 65, ಸ್ಟ್ರೋಕು 75. ಪಿಸ್ಟನ್ನಿನ ಅಗಲಕ್ಕಿಂತ ಅದರ ಓಟ ಉದ್ದ. ಹಾಗಾಗಿ ಕಿರುಚದೆ, ನಿಧಾನವಾಗಿ ತಿರುಗುತ್ತಲೇ ಎಳೆಯುತ್ತದೆ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು, ಕಿಕ್ಕರೂ ಗೇರೂ ಒಂದೇ ಕಡ್ಡಿಯಲ್ಲಿ. ಇವತ್ತಿಗೂ ಒಂದೇ ಕಿಕ್ಕಿಗೆ ಶುರುವಾಗುವ ಯಜ್ಡಿಗಳಿವೆ. ಅವುಗಳ ಒಳಗೆ ಯಾರೂ ಮಂತ್ರ ಹಾಕಿಲ್ಲ, ಅಳತೆ ತಪ್ಪದಂತೆ ನೋಡಿಕೊಂಡಿದ್ದಾರೆ ಅಷ್ಟೆ.

"ಹಂಗಾರೆ ಎಲ್ಲಿಂದ ಶುರು ಮಾಡ್ಲಿ ಮಾವ?"

ಸೀಲಿನಿಂದ. ಫೋರ್ ಸ್ಟ್ರೋಕಿನಲ್ಲಿ ಕ್ರ್ಯಾಂಕ್ ಇರುವ ಜಾಗದಲ್ಲಿ ಆಯಿಲ್ ಇರುತ್ತದೆ. ಟೂ ಸ್ಟ್ರೋಕಿನಲ್ಲಿ ಪೆಟ್ರೋಲು ಮತ್ತು ಗಾಳಿ ಆ ಜಾಗದ ಮೂಲಕವೇ ಹಾದು ಮೇಲೆ ಹೋಗಬೇಕು. ಕ್ರ್ಯಾಂಕಿನ ಎರಡು ತುದಿಯ ರಬ್ಬರ್ ಸೀಲು ಒಣಗಿ ಗಟ್ಟಿಯಾದರೆ ಕೆಲಸ ಕೆಟ್ಟಂತೆ. ಮ್ಯಾಗ್ನೆಟ್ ಕಡೆಯ ಸೀಲು ಹೋದರೆ ಹೊರಗಿನ ಗಾಳಿ ನುಗ್ಗುತ್ತದೆ. ಮಿಶ್ರಣ ತೆಳುವಾಗುತ್ತದೆ, ಆಕ್ಸಿಲೇಟರ್ ಬಿಟ್ಟರೂ ಇಂಜಿನ್ ಕೂಗುತ್ತಲೇ ಇರುತ್ತದೆ, ಕೊನೆಗೆ ಪಿಸ್ಟನ್ ತಲೆ ತೂತು. ಕ್ಲಚ್ ಕಡೆಯ ಸೀಲು ಹೋದರೆ ಗೇರ್ ಆಯಿಲ್ ಒಳಕ್ಕೆ ಎಳೆದುಕೊಂಡು ಬಿಳಿ ಹೊಗೆ. ಪರೀಕ್ಷೆ ಸುಲಭ. ಕಾರ್ಬೊರೇಟರ್ ಬಾಯಿ, ಸೈಲೆನ್ಸರ್ ಬಾಯಿ ಎರಡನ್ನೂ ರಬ್ಬರ್ ಹಾಕಿ ಮುಚ್ಚಬೇಕು. ಕೈ ಪಂಪಿನಿಂದ ಐದಾರು ಪೌಂಡ್ ಗಾಳಿ ಮಾತ್ರ ತುಂಬಿ, ಸೀಲು, ಪ್ಯಾಕಿಂಗ್, ಬ್ಲಾಕಿನ ಬುಡಕ್ಕೆ ಸೋಪಿನ ನೀರು ಹಚ್ಚಬೇಕು. ಎಲ್ಲಿ ಗುಳ್ಳೆ ಏಳುತ್ತದೋ ಅಲ್ಲಿ ನಿನ್ನ ಪಿಕಪ್ಪು ಸೋರಿಹೋಗುತ್ತಿದೆ. ಇದನ್ನು ಸರಿಮಾಡದೆ ಚೇಂಬರ್ ಸೈಲೆನ್ಸರಿಗೆ ಸಾವಿರಾರು ಸುರಿಯುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಮುಡಿಸಿದ ಹಾಗೆ.

ಆಮೇಲೆ ಕ್ರ್ಯಾಂಕು. ಕನೆಕ್ಟಿಂಗ್ ರಾಡನ್ನು ಹಿಡಿದು ಮೇಲೆ ಕೆಳಗೆ ಜಗ್ಗಿ ನೋಡು. ಪಕ್ಕಕ್ಕೆ ಒಂಚೂರು ಆಡಿದರೆ ಪರವಾಗಿಲ್ಲ, ಮೇಲೆ ಕೆಳಗೆ ಆಡಲೇಬಾರದು. ಹೊಸ ರಾಡ್ ಕೂರಿಸಿದ ಮೇಲೆ ಎರಡೂ ತಟ್ಟೆ ಒಂದೇ ಸಾಲಿಗೆ ಬಂದಿವೆಯಾ ಅಂತ ಡಯಲ್ ಗೇಜ್ ಇಟ್ಟು ನೋಡುವ ಲೇತಿನವರ ಹತ್ತಿರವೇ ಕೊಡು. ಸುತ್ತಿಗೆಯಲ್ಲಿ ಬಡಿದು ಕಣ್ಣಂದಾಜಲ್ಲಿ ಸರಿ ಅನ್ನುವ ಕಡೆ ಬೇಡ.

ಬೋರ್ ಮಾಡಿಸುವ ಹೊತ್ತಿಗೆ ಪಿಸ್ಟನ್ ಕೈಯಲ್ಲಿರಬೇಕು. ಮೊದಲು ಬೋರ್ ಮಾಡಿಸಿ ಆಮೇಲೆ ಅಂಗಡಿಗೆ ಪಿಸ್ಟನ್ ಹುಡುಕಿಕೊಂಡು ಹೋಗುವವರನ್ನು ಬಹಳ ನೋಡಿದ್ದೇನೆ. 0.25, 0.50 ಅಂತ ಡಬ್ಬಿ ಮೇಲೆ ಬರೆದಿರುವುದು ಒಂದು, ಒಳಗಿನ ಪಿಸ್ಟನ್ನಿನ ಅಳತೆ ಕೂದಲೆಳೆಯಷ್ಟು ಬೇರೆ. ಬೋರಿಗೂ ಪಿಸ್ಟನ್ನಿಗೂ ನಡುವೆ ಇರುವ ಜಾಗವೇ ಮಿಲಿಮೀಟರಿನ ನೂರರಲ್ಲಿ ಐದಾರು ಪಾಲು. ಬಿಗಿಯಾದರೆ ಬಿಸಿಗೆ ಉಬ್ಬಿ ಜಾಮ್, ಸಡಿಲವಾದರೆ ಟಕಟಕ ಸದ್ದು. ಬೋರ್ ಆದ ಬ್ಲಾಕಿನೊಳಗೆ ಬೆರಳು ಹಾಕಿ ಪೋರ್ಟುಗಳ ಅಂಚು ಸವರು. ಬ್ಲೇಡಿನ ಹಾಗೆ ಚೂಪಾಗಿದ್ದರೆ ಆ ಅಂಚನ್ನು ನುಣುಪು ಕಲ್ಲಿನಲ್ಲಿ ತುಸು ಉಜ್ಜಿ ಮೊಂಡು ಮಾಡಬೇಕು. ಇದನ್ನು ಬಿಟ್ಟರೆ ರಿಂಗು ಪೋರ್ಟಿಗೆ ಸಿಕ್ಕಿಕೊಂಡು ಮುರಿಯುತ್ತದೆ, ಬ್ಲಾಕಿಗೆ ಗೀರು ಬೀಳುತ್ತದೆ. ಪಿಸ್ಟನ್ ತಲೆ ಮೇಲಿನ ಬಾಣ ಸೈಲೆನ್ಸರ್ ಕಡೆಗಿರಲಿ. ರಿಂಗಿನ ಬಾಯಿ ಪಿಸ್ಟನ್ನಿನಲ್ಲಿರುವ ಸಣ್ಣ ಪಿನ್ನಿಗೆ ಸರಿಯಾಗಿ ಕೂರಲಿ.

ಧೂಳಿನ ವಿಷಯದಲ್ಲಿ ನನಗೆ ಸಿಟ್ಟೇ ಬರುತ್ತದೆ. ಸದ್ದು ಚೆನ್ನಾಗಿ ಬರಲಿ ಅಂತ ಏರ್ ಫಿಲ್ಟರ್ ಕಿತ್ತುಹಾಕುವ ಹುಡುಗರಿದ್ದಾರೆ. ಈ ಇಂಜಿನ್ನಿನಲ್ಲಿ ಒಳಗೆ ಹೋದ ಮಣ್ಣು ನೇರ ಬೇರಿಂಗಿನ ಮೇಲೆ ಬೀಳುತ್ತದೆ. ಫೋಮ್ ಫಿಲ್ಟರನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹಿಂಡಿ, ಎಣ್ಣೆ ಸವರಿ ಹಾಕಿದರೆ ಮುಗಿಯಿತು.

ಇನ್ನು ಪೆಟ್ರೋಲು. ಈಗ ಬಂಕಿನಲ್ಲಿ ಸಿಗುವುದು ಶೇಕಡ 20 ಎಥನಾಲ್ ಬೆರೆತ ಪೆಟ್ರೋಲು. ಕಬ್ಬು ಬೆಳೆಯುವ ನಮ್ಮಂಥವರಿಗೆ ಎಥನಾಲಿನಿಂದ ಲಾಭವಿದೆ, ಅದರ ಮೇಲೆ ನನಗೆ ದ್ವೇಷವಿಲ್ಲ. ಆದರೆ ಹಳೇ ಕಾರ್ಬೊರೇಟರಿಗೆ ಈ ಲೆಕ್ಕ ಗೊತ್ತಿಲ್ಲ. ಎಥನಾಲ್ ಉರಿಯಲು ಗಾಳಿ ಕಮ್ಮಿ ಸಾಕು, ಹಾಗಾಗಿ ಹಳೇ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗುತ್ತದೆ, ಇಂಜಿನ್ ಬಿಸಿಯಾಗುತ್ತದೆ. ಮೇನ್ ಜೆಟ್ಟನ್ನು ಒಂದು ನಂಬರ್ ದೊಡ್ಡದು ಹಾಕಿ, ಪೂರ್ತಿ ಥ್ರಾಟಲಿನಲ್ಲಿ ಸ್ವಲ್ಪ ದೂರ ಓಡಿಸಿ, ಅಲ್ಲೇ ಇಂಜಿನ್ ಆಫ್ ಮಾಡಿ ಪ್ಲಗ್ ಬಿಚ್ಚಿ ನೋಡು. ತಿಳಿ ಕಂದು ಇದ್ದರೆ ಸರಿ. ಬಿಳಿಚಿಕೊಂಡಿದ್ದರೆ ಅಪಾಯ. ಕಪ್ಪಾಗಿ ಒದ್ದೆಯಿದ್ದರೆ ಜೆಟ್ ದೊಡ್ಡದಾಯಿತು. ಎಥನಾಲ್ ನೀರು ಹೀರುತ್ತದೆ, ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯಾದರೆ ಕಾರ್ಬೊರೇಟರಿನ ತಳದ ಪೆಟ್ರೋಲು ಇಳಿಸಿಬಿಡು.

"ಆಯಿಲ್ ಜಾಸ್ತಿ ಹಾಕುದ್ರೆ ಇಂಜಿನ್‌ಗೆ ಒಳ್ಳೇದಲ್ವಾ?"

ಅಲ್ಲ. ಎಕ್ಸೆಲ್ಲಿಗೆ ಲೀಟರಿಗೆ 20 ಎಂ.ಎಲ್. ಒಳ್ಳೆಯ 2ಟಿ ಸಾಕು. ಹೊಸ ಬೋರಿನ ಮೊದಲ ಐನೂರು ಕಿಲೋಮೀಟರು ಒಂಚೂರು ಹೆಚ್ಚಿಗೆ ಇರಲಿ. ಎರಡರಷ್ಟು ಸುರಿದರೆ ಜೆಟ್ಟಿನಲ್ಲಿ ಪೆಟ್ರೋಲಿನ ಪಾಲು ಕಮ್ಮಿಯಾಗುತ್ತದೆ, ಮಸಿ ಕಟ್ಟಿ ಸೈಲೆನ್ಸರ್ ಉಸಿರು ಬಿಗಿಯುತ್ತದೆ. ಎಷ್ಟೋ ಗಾಡಿಗಳಲ್ಲಿ ಪಿಕಪ್ಪು ಹೋಯಿತು ಅನ್ನುವುದಕ್ಕೆ ಆ ಮಸಿಯೇ ಕಾರಣ. ಸೈಲೆನ್ಸರಿನ ಒಳಕೊಳವೆ ಬಿಚ್ಚಿ ಸುಟ್ಟು, ತಟ್ಟಿ, ಅದನ್ನೇ ಮತ್ತೆ ಹಾಕು. ಎಸೆಯಬೇಡ. ಹೊರಹೋದ ಹೊಗೆಯ ಒತ್ತಡದ ಅಲೆ ಹಿಂದಕ್ಕೆ ಬಂದು, ಜಾರಿಹೋಗುತ್ತಿರುವ ಹೊಸ ಪೆಟ್ರೋಲನ್ನು ಸಿಲಿಂಡರಿಗೆ ವಾಪಸು ತಳ್ಳುವಂತೆ ಇಡೀ ಸೈಲೆನ್ಸರಿನ ಉದ್ದ, ಡುಬ್ಬ ಎಲ್ಲ ಲೆಕ್ಕ ಹಾಕಿರುತ್ತಾರೆ. ಖಾಲಿ ಪೈಪಿನಲ್ಲಿ ಸದ್ದು ಹೆಚ್ಚುತ್ತದೆ, ಎಳೆತ ಇಳಿಯುತ್ತದೆ, ಊರಿನ ನಿದ್ದೆಯೂ ಕೆಡುತ್ತದೆ.

ಮೇಲುಕೋಟೆಗೆ ಹೋಗುವವರಿಗೆ ಒಂದು ಮಾತು. ಹತ್ತುವಾಗ ಎಲ್ಲರೂ ಹುಷಾರು, ಇಂಜಿನ್ ಕೈಕೊಡುವುದು ಇಳಿಯುವಾಗ. ಜಕ್ಕನಹಳ್ಳಿ ಕಡೆಗೆ ಆಕ್ಸಿಲೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಇಳಿಸುತ್ತಾರೆ. ಪೆಟ್ರೋಲಿಗೇ ಆಯಿಲ್ ಬೆರೆಸುವ ಗಾಡಿಯಲ್ಲಿ ಪೆಟ್ರೋಲು ನಿಂತರೆ ಆಯಿಲೂ ನಿಂತಿತು. ಇಂಜಿನ್ ಜೋರಾಗಿ ತಿರುಗುತ್ತಿದೆ, ಪಿಸ್ಟನ್ನಿಗೆ ಜಿಡ್ಡಿಲ್ಲ. ಬ್ರೇಕಿನ ಮೇಲೆ ಹಿಡಿತ ಇಟ್ಟುಕೊಂಡೇ ಆಗಾಗ ಕ್ಲಚ್ ಹಿಡಿದು ಒಂಚೂರು ಆಕ್ಸಿಲೇಟರ್ ಕೊಡಿ. ಸಾಕು, ಪಿಸ್ಟನ್ನಿಗೆ ಜಿಡ್ಡು ಸಿಗುತ್ತದೆ.

ಹುಡುಗ ಪೋರ್ಟ್ ಕೊರೆಸುವ ಯೋಚನೆ ಪೂರ್ತಿ ಬಿಟ್ಟಿಲ್ಲ. ಮೊದಲು ಸೀಲು, ಬೋರು, ಜೆಟ್ ಮುಗಿಸಿ ಒಂದಷ್ಟು ತಿಂಗಳು ಓಡಿಸು, ಆಮೇಲೂ ಬೇಕು ಅನ್ನಿಸಿದರೆ ಇನ್ನೊಂದು ಬ್ಲಾಕ್ ತಂದು ಅದರಲ್ಲಿ ಪ್ರಯೋಗ ಮಾಡು ಅಂದಿದ್ದೇನೆ. ನಿಮ್ಮ ಮನೆಯ ಅಟ್ಟದ ಮೇಲೆ, ಕೊಟ್ಟಿಗೆ ಮೂಲೆಯಲ್ಲಿ ಹಳೇ ಆರ್‌ಎಕ್ಸ್, ಯಜ್ಡಿ, ಎಕ್ಸೆಲ್ ಬ್ಲಾಕು ಬಿದ್ದಿದ್ದರೆ ಗುಜರಿಗೆ ಹಾಕಬೇಡಿ. ಬೋರ್ ಮಾಡಿಸಿ ಮಾಡಿಸಿ ಕೊನೆಗೆ ಬಂದಿದ್ದರೂ ಹೊಸ ಸ್ಲೀವ್ ಹಾಕಿಸಿದರೆ ಅದು ಮತ್ತೆ ಸ್ಟ್ಯಾಂಡರ್ಡ್ ಅಳತೆಗೆ ಬರುತ್ತದೆ.