ಟೊಮಾಟಿಯೊ ಕಲ್ಯಾಣ

ಗಿಡಗಳಲ್ಲಿಯೂ ಗೋತ್ರ ನೋಡುವುವು ಉಂಟೆಂದರೆ ವಾಚಕರು ನಗಬಹುದು. ಮೆಕ್ಸಿಕೊ ದೇಶದಲ್ಲಿ ಹುಟ್ಟಿ, ಬದನೆ ಮೆಣಸಿನಕಾಯಿಗಳ ಕುಲಕ್ಕೆ ಸೇರಿ, ನಮ್ಮ ಹೊಲದ ಬದುಗಳಲ್ಲಿ ಯಾರೂ ಬಿತ್ತದೆ ಬೆಳೆಯುವ ಗುಪ್ಪಟೆ ಗಿಡಕ್ಕೆ ಸಮೀಪದ ಜ್ಞಾತಿಯೆನಿಸಿಕೊಂಡ ಟೊಮಾಟಿಯೊ ಎಂಬ ಗಿಡವು ಈ ವಿಷಯದಲ್ಲಿ ಅಗ್ರಹಾರದ ವೃದ್ಧರನ್ನೂ ನಾಚಿಸುವಷ್ಟು ನಿಷ್ಠುರವಾದುದು. ಒಂಟಿಯಾಗಿ ನೆಟ್ಟರೆ ಅದು ಎದೆಯೆತ್ತರ ಬೆಳೆದು, ಮೈತುಂಬ ಹಳದಿಯ ಹೂಗಳನ್ನು ತಳೆದು, ದುಂಬಿಗಳಿಗೆ ಯಥೇಚ್ಛವಾಗಿ ಔತಣವಿಕ್ಕಿ, ಕಟ್ಟಕಡೆಗೆ ಬಹುಮಟ್ಟಿಗೆ ಬಂಜೆಯಾಗಿಯೇ ಉಳಿದು ಹೂಗಳನ್ನೆಲ್ಲ ನೆಲಕ್ಕೆ ಉದುರಿಸಿಬಿಡುತ್ತದೆ. ಏಕೆಂದರೆ ತನ್ನ ಪರಾಗವು ತನ್ನದೇ ಶಲಾಕಾಗ್ರದ ಮೇಲೆ ಬಿದ್ದಿತೆಂದರೆ ಗಿಡವು ಅದನ್ನು ಗುರುತು ಹಿಡಿದು ತಿರಸ್ಕರಿಸುತ್ತದೆ. ಅದರದೇ ಕೊಂಬೆಯೊಂದನ್ನು ಮುರಿದು, ಬೇರು ಬರಿಸಿ, ಪಕ್ಕದಲ್ಲಿ ನಿಲ್ಲಿಸಿದರೂ ಸಂಬಂಧ ಕೂಡುವುದಿಲ್ಲ. ಬೇರೆ ಬೀಜದಿಂದ ಜನಿಸಿದ ಎರಡನೆಯ ಗಿಡವೇ ಬೇಕು.

ಇಂಥ ಮನೆತನದೊಡನೆ ಬೀಗತನ ಮಾಡಲು ಹೊರಟವನು, ಮಗಳ ಮದುವೆಯಲ್ಲಿ ಗೋತ್ರ ಕೇಳಿದವರೊಡನೆಲ್ಲ ವಾಗ್ಯುದ್ಧ ಮಾಡಿ ಗೆದ್ದ ನಾನು! ನ್ಯೂಜೆರ್ಸಿಯಲ್ಲಿರುವ ಆ ಮಗಳ ಮನೆಯ ಹಿತ್ತಲಿನಲ್ಲಿ, ಮೇ ತಿಂಗಳ ನಡುವೆ ಹಿಮದ ಭಯ ಕಳೆದ ಮೇಲೆ, ಹಸಿರು ಕಾಯಿಯ ಸಸಿಯೊಂದನ್ನೂ ನೇರಳೆ ಕಾಯಿಯ ಸಸಿಯೊಂದನ್ನೂ ತಂದು ನೆಟ್ಟೆ. ನಡುವಣ ಸ್ಥಳವನ್ನೆಲ್ಲ ಮಗಳು ಮೆಂತ್ಯಕ್ಕೆ ಮೀಸಲಿಟ್ಟಿದ್ದಳಾದುದರಿಂದ ವಧೂವರರು ಹಿತ್ತಲಿನ ಎರಡು ಕೊನೆಗಳಲ್ಲಿ ನಿಂತರು. ವಂಶದ ವಿಷಯದಲ್ಲಿ ಎರಡು ಕಡೆಯೂ ಕೊರತೆಯಿರಲಿಲ್ಲ. ಅರ್ಜೆಂಟೀನಾದ ಪ್ಯಾಟಗೋನಿಯಾದಲ್ಲಿ, 5 ಕೋಟಿ 20 ಲಕ್ಷ ವರ್ಷಗಳಷ್ಟು ಹಳೆಯ ಶಿಲೆಯಲ್ಲಿ, ಉಬ್ಬಿದ ಹೊದಿಕೆಯೊಳಗೆ ಕುಳಿತ ಈ ಕುಲದ ಕಾಯಿಯ ಪಳೆಯುಳಿಕೆಗಳು ದೊರೆತಿರುವುದಾಗಿ 2017ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಇಷ್ಟು ದೀರ್ಘವಾದ ವಂಶಾವಳಿಯನ್ನು ನಾನು ಕಂಡ ಯಾವ ಬೀಗರೂ ತೋರಿಸಲಾರರು.

ಹೂಗಳು ಅರಳಿದುವು, ಮಳೆ ಹಿಡಿಯಿತು, ಜೇನುಹುಳುಗಳು ಹೊರಡಲಿಲ್ಲ. ಮುಹೂರ್ತ ಮೀರುತ್ತಿದೆಯೆಂಬ ತಳಮಳ ನನಗೆ. ಮಳೆ ಹೊಳವಾದ ಒಂದು ಪ್ರಾತಃಕಾಲ ಸ್ನಾನ ಮಾಡಿ, ಪಂಚೆಯುಟ್ಟು, ಮೊಮ್ಮಗಳ ಬಣ್ಣದ ಪೆಟ್ಟಿಗೆಯಿಂದ ಅಪಹರಿಸಿದ ಕುಂಚವನ್ನು ಹಿಡಿದು ಹಿತ್ತಲಿಗೆ ಇಳಿದೆ. ಟೊಮಾಟಿಯೊ ಹೂವಾದರೋ ಲಜ್ಜಾವತಿ. ಮುಖವನ್ನು ನೆಲದ ಕಡೆಗೆ ಬಾಗಿಸಿಕೊಂಡೇ ಇರತಕ್ಕದ್ದು. ಅದರ ಕಂಠದಲ್ಲಿರುವ ಕಪ್ಪು ಮಚ್ಚೆಗಳನ್ನು ದರ್ಶನ ಮಾಡಬೇಕಾದರೆ ಮನುಷ್ಯನು ಮೊದಲು ಮೊಣಕಾಲೂರಿ, ಅನಂತರ ಮೊಣಕೈಯೂರಿ, ಅಂತಿಮವಾಗಿ ಒದ್ದೆಯ ಮಣ್ಣಿನಲ್ಲಿ ಕೆನ್ನೆಯಿಟ್ಟು ಮೇಲಕ್ಕೆ ನೋಡಬೇಕು. ನೋಡಿದೆ. ಕುಂಚವನ್ನು ಮೃದುವಾಗಿ ಆಡಿಸಿದೆ. ಕಣ್ಣಿಗೆ ಕಂಡೂ ಕಾಣದಷ್ಟು ಧೂಳಿ ಅದಕ್ಕೆ ಅಂಟಿತು. ಗಾಳಿಗೆ ಹಾರೀತೆಂದು ಎಡಗೈಯನ್ನು ಮರೆಮಾಡಿ, ಮೆಂತ್ಯದ ಮಡಿಯನ್ನು ತುಳಿಯಬಾರದೆಂಬ ಮಗಳ ಕಟ್ಟಾಜ್ಞೆಯನ್ನು ಸ್ಮರಿಸಿಕೊಂಡು, ಬೇಲಿಯ ಅಂಚಿನಲ್ಲಿ ಪ್ರದಕ್ಷಿಣವಾಗಿ ಹೆಜ್ಜೆಯಿಡುತ್ತ ನೇರಳೆಯ ಕಡೆಗೆ ಸಾಗಿದೆ. ಅಲ್ಲಿ ಪುನಃ ಮೊಣಕಾಲು, ಮೊಣಕೈ, ಕೆನ್ನೆ. ಅಲ್ಲಿಂದ ವರನ ಕಡೆಯ ಕಾಣಿಕೆಯನ್ನು ಹೊತ್ತು ಪುನಃ ಹಸಿರಿನ ಕಡೆಗೆ. ನಾಲಗೆ ತನ್ನಷ್ಟಕ್ಕೆ ತಾನೇ ಮಂಗಳಾಷ್ಟಕವನ್ನು ಪಠಿಸತೊಡಗಿತ್ತೆಂಬುದು ನನ್ನ ಗಮನಕ್ಕೆ ಬಂದುದು ಬೇಲಿಯಾಚೆಯಿಂದ ಯಾರೋ ಕೆಮ್ಮಿದಾಗ. ನೆರೆಮನೆಯ ಮುದುಕಿ, ಮೆಕ್ಸಿಕೊದ ಒಹಾಕಾ ಪ್ರಾಂತದವರು, ಕಾಫಿಯ ಬಟ್ಟಲನ್ನು ಹಿಡಿದು ಆದಿಯಿಂದಲೂ ನಿಂತಿದ್ದರಂತೆ. ಅವರು ಮಾತನಾಡಲಿಲ್ಲ, ನನ್ನ ಬೆನ್ನ ಹಿಂದೆ ಬೆರಳು ತೋರಿಸಿದರು. ಅಲ್ಲಿ ದಪ್ಪನೆಯ ದುಂಬಿಯೊಂದು, ನಾನು ಪೂರೈಸಿದ ಹೂಗಳನ್ನೇ ಒಂದೊಂದಾಗಿ ಹೊಕ್ಕು, ನನ್ನ ಪೌರೋಹಿತ್ಯದ ಲೋಪದೋಷಗಳನ್ನೆಲ್ಲ ತಿದ್ದುತ್ತ ಬರುತ್ತಿತ್ತು.

ಫಲ ಯಾರ ಪುಣ್ಯದಿಂದ ಬಂದಿತೆಂದು ಹೇಳಲಾರೆ, ಬಂದಿತು. ಮೊದಲು ಬರಿಯ ಹೊದಿಕೆ ಬುರುಡೆಯಾಗಿ ಉಬ್ಬುತ್ತದೆ, ಒಳಗಿನ ಕಾಯಿ ಮೆಲ್ಲಮೆಲ್ಲನೆ ತುಂಬಿಕೊಳ್ಳುತ್ತದೆ, ಹೊದಿಕೆ ಒಣಗಿ ಬಿರಿದಾಗ ಕೊಯ್ಯಬೇಕು. ಅನೇಕ ವೇಳೆ ಕೊಯ್ಯುವ ಶ್ರಮವೂ ಇಲ್ಲ, ತಾನೇ ನೆಲಕ್ಕೆ ಬಿದ್ದಿರುತ್ತದೆ. ಸುಲಿದ ಕಾಯಿಯ ಮೈ ಅಂಟಂಟು, ತೊಳೆಯಬೇಕು. ಹಳದಿಯಾಗಲು ಬಿಟ್ಟರೆ ಹುಳಿ ತಗ್ಗಿ ಸಿಹಿಯಾಗುವುದರಿಂದ ಗೊಜ್ಜಿಗೆ ಹಸಿರೇ ಶ್ರೇಷ್ಠ.

ಆ ಗೊಜ್ಜನ್ನು ಉಣ್ಣಲು ಬಂದ ಮಹನೀಯರೊಬ್ಬರು, ಮಗನಿಗೆ ಕನ್ಯಾನ್ವೇಷಣೆಯಲ್ಲಿದ್ದವರು, ಗಿಡದ ಕಥೆಯನ್ನು ಕೇಳಿ, ನಮ್ಮ ಶಾಸ್ತ್ರಕ್ಕೆ ವಿಜ್ಞಾನದ ಮುದ್ರೆಯೇ ಬಿದ್ದಿತಲ್ಲಾ ಎಂದು ಹಿಗ್ಗಿದರು. ನನಗೆ ಎಲ್ಲಿಲ್ಲದ ಸಿಟ್ಟು ಬಂದಿತು. ಈ ಗಿಡ ಬೇಡವೆನ್ನುವುದು ತನ್ನನ್ನು, ಕೈನೀಡಿ ಕರೆಯುವುದು ಅನ್ಯರನ್ನು. ತಾವಾದರೋ ಒಳಪಂಗಡದ ಬಾಗಿಲನ್ನೇ ದಾಟಲೊಲ್ಲಿರಿ ಎಂದುಬಿಟ್ಟೆ. ಎರಡನೆಯ ಸಲ ಬಡಿಸಿಕೊಂಡಿದ್ದ ಗೊಜ್ಜನ್ನು ಮುಗಿಸದೆಯೇ ಅವರು ಕೈತೊಳೆದರು.

ಮಿಕ್ಕ ಕಾಯಿ ನೆರೆಮನೆಗೆ ಹೋಯಿತು. ಮುದುಕಿ ಅದನ್ನು ಹಂಚಿನ ಮೇಲೆ ಸುಟ್ಟು, ಹಸಿಮೆಣಸಿನಕಾಯಿ ಈರುಳ್ಳಿ ಬೆಳ್ಳುಳ್ಳಿ ಕೊತ್ತಂಬರಿಗಳೊಡನೆ ಮೂರು ಕಾಲಿನ ಕರಿಗಲ್ಲಿನ ಒರಳಿನಲ್ಲಿ ಅರೆದು ಸಾಲ್ಸಾ ವೆರ್ದೆ ಮಾಡಿದರು. ಕಾಯಿ ಸುಲಿಯುತ್ತ ಕುಳಿತಾಗ, ನಾನು ಚಳಿಗಾಲಕ್ಕೆ ಮೈಸೂರಿಗೆ ಹೋಗುವವನೆಂದು ತಿಳಿದು, ತಾವು ಊರು ಬಿಟ್ಟ ಮೇಲೆ ತಾಯಿ ತೀರಿಕೊಂಡರೆಂದೂ, ಕಾಗದಪತ್ರಗಳ ತೊಡಕಿನಿಂದ ಹೋಗಲಾಗಲಿಲ್ಲವೆಂದೂ ಹೇಳಿದರು. ಹೋದರೆ ಹಿಂದಿರುಗಿ ಬರುವಂತಿರಲಿಲ್ಲ, ಇಲ್ಲಿ ಮಕ್ಕಳಿದ್ದರು. ನನಗೆ ಆಡಲು ಮಾತು ದೊರೆಯಲಿಲ್ಲ. ಆಕೆಯೇ ಒರಳನ್ನು ನನ್ನ ಕಡೆಗೆ ತಳ್ಳಿ ಅರೆಯಲು ಹೇಳಿದರು, ಅರೆದೆ.

ಇನ್ನು, ನೆಡಬೇಕೆಂಬ ಮನಸ್ಸುಳ್ಳವರಲ್ಲಿ ಒಂದು ವಿಜ್ಞಾಪನೆ. ಸಸಿಗಳನ್ನು ಕೊಳ್ಳುವಾಗ ಎರಡೂ ಬೇರೆ ಬೇರೆ ಬೀಜದವೆಂದು ವಿಚಾರಿಸಿಕೊಂಡು ತನ್ನಿ. ಎರಡೇ ಸಾಕು. ಮೂರನೆಯದನ್ನೂ ನೆಟ್ಟಿರಾದರೆ, ಕಾಯಿ ಹಂಚಲು ಆಗಸ್ಟಿನಲ್ಲಿ ನಮ್ಮ ಮನೆಗೆ ಬರಬೇಡಿ, ನಮ್ಮಲ್ಲಿ ಬೇಕಾದಷ್ಟಿದೆ.